ಮೇಲಕ್ಕೆ ಹರಿದ ಕೆಂಪು

ಹಸಿರು ಬಣ್ಣ ಕಲೆಸಿದ ಬಕೆಟ್ಟು ಆಚೆ ದಡದಲ್ಲಿತ್ತು. ಕೆಂಪಿನದು ಈಚೆ ದಡದಲ್ಲಿ, ಅಳತೆಯಮ್ಮನ ಕಾಲ ಬುಡದಲ್ಲಿ. ನಡುವೆ ಮುನ್ನೂರು ಅಡಿ ಅಗಲದ ಹೊಳೆ. ಪಂಪ್‌ಹೌಸಿನ ಕಲ್ಲುಮೆಟ್ಟಿಲಿಳಿದು, ಕೈಯಲ್ಲೊಂದು ಕಾಗದ ಹಿಡಿದು, ಮುಖ್ಯ ಎಂಜಿನಿಯರು ಬರುತ್ತಿದ್ದರು.

ಅದರಲ್ಲಿ ಏನಿದೆಯೆಂದು ಅಳತೆಯಮ್ಮ ಕೇಳಲಿಲ್ಲ. ನೀರು ಸರಬರಾಜು ಕಚೇರಿಯಲ್ಲಿ ಮೂವತ್ತೊಂದು ವರ್ಷ ಹೊಳೆಯ ಮಟ್ಟ ಓದಿದವಳು. ಕಾಗದ ಹಿಡಿದ ಕೈಯ ಬಿಗಿ ನೋಡಿಯೇ ಒಳಗಿರುವುದು ‘ಹೂಂ’ ಎಂಬ ಮಾತೋ ‘ಊಹೂಂ’ ಎಂಬ ಮಾತೋ ಹೇಳಬಲ್ಲಳು.

“ಹೊಳೆಗೆ ಯಾರೂ ಏನನ್ನೂ ಬೆರೆಸಕೂಡದು ಅಂತ ಆದೇಶ ಹೊರಡಿಸಿದ್ದೀನಿ. ಓದಿ ಸಹಿ ಹಾಕಿ.”

“ಆದೇಶ ಹೊಳೆಗಾ ಸಾಹೇಬ್ರೇ, ನನಗಾ?”

“ನಿಮಗೆ.”

“ಸದ್ಯ. ಹೊಳೆಗೇನಾದ್ರೂ ಓದೋಕೆ ಬಂದಿದ್ರೆ ಕಷ್ಟ ಇತ್ತು.”

ಅವಳು ಕಾಗದ ಈಸಿಕೊಂಡು, ನಾಲ್ಕಾಗಿ ಮಡಿಸಿ, ಗಾಳಿಗೆ ಹಾರದಂತೆ ಬಕೆಟ್ಟಿನ ಕೆಳಗಿಟ್ಟಳು. ಸಹಿ ಹಾಕಲಿಲ್ಲ.

ಅಮಾನತು ಮಾಡುತ್ತೇನೆ ಎಂದರು ಎಂಜಿನಿಯರು. ಧಾರಾಳವಾಗಿ ಮಾಡಿ, ನಾಳೆ ಬೆಳಗ್ಗೆ ಆರಕ್ಕೆ ಮೊಣಕಾಲುದ್ದ ಕೆಸರಿಗಿಳಿದು ಅಳತೆಕಂಬದ ಅಂಕಿ ಓದಲು ನೀವೇ ಬರಬೇಕಾಗುತ್ತದೆ, ಚಪ್ಪಲಿ ಬೇಡ, ಜಾರುತ್ತದೆ ಎಂದಳು. ಹಿಂದೆ ನಿಂತಿದ್ದ ಸೀಸೆಯಣ್ಣ ನಗು ತಡೆಯಲು ಕೆಮ್ಮಿದ. ದಿನಕ್ಕೆರಡು ಸಲ ಹೊಳೆನೀರನ್ನು ಸೀಸೆಯಲ್ಲಿ ತುಂಬಿ ಲ್ಯಾಬಿಗೆ ಒಯ್ಯುವುದು ಅವನ ಕೆಲಸ. ಹೆಸರೂ ಅದರಿಂದಲೇ ಬಂದದ್ದು.

ಪಂಪ್‌ಹೌಸಿನ ಕಟ್ಟೆಯ ಮೇಲೆ ಅವಳ ಅಳಿಯ ನಿಂತಿದ್ದ. ಪಂಪ್‌ಹೌಸಿನಲ್ಲಿ ನಡೆದ ಕೊಲೆಯ ತನಿಖೆ ಮಾಡುತ್ತಿರುವ ಇನ್‌ಸ್ಪೆಕ್ಟರ್ ಅವನೇ. ಕೈಯಲ್ಲಿ ಕೇಸಿನ ಪುಸ್ತಕ, ಮುಖದಲ್ಲಿ ಹಲ್ಲುನೋವು ಬಂದವನ ಕಳೆ. ಬರುವುದಿಲ್ಲ ಎಂದೇ ನಿನ್ನೆ ಹೇಳಿದ್ದ. ನೀವು ಬರದಿದ್ದರೆ ಪತ್ರಿಕೆಯವರನ್ನು ಕರೆಯುತ್ತೇನೆ ಎಂದು ಅತ್ತೆ ಹೇಳಿದ ಮೇಲೆ ಬಂದಿದ್ದ.

ಮಂಗಳವಾರ ಬೆಳಗಿನ ಐದಕ್ಕೆ ಪಾಳಿ ಬದಲಿಸಲು ಬಂದವರಿಗೆ ಪಂಪಿನವನು ಜಾಕ್‌ವೆಲ್ಲಿನ ಪಕ್ಕ ಸತ್ತು ಬಿದ್ದದ್ದು ಕಂಡಿತ್ತು. ಜಾಕ್‌ವೆಲ್ಲೆಂದರೆ ಹೊಳೆಯ ನೀರನ್ನು ಒಳಕ್ಕೆ ಎಳೆದುಕೊಳ್ಳುವ ಬಾವಿ. ಪಕ್ಕದಲ್ಲಿ ಉರುಳಿದ ಲೋಟ. ಹೊಟ್ಟೆಯಲ್ಲಿ, ಬಟ್ಟೆಗೆ ಬಣ್ಣ ಕಚ್ಚಿಸಲು ಹಾಕುವ ಕಿತ್ತಳೆ ಉಪ್ಪು. ಒಂಬತ್ತಕ್ಕೆ ಸೀಸೆಯಣ್ಣ ಜಾಕ್‌ವೆಲ್ಲಿನ ಬಾಯಲ್ಲಿ ತುಂಬಿದ ನೀರಿನಲ್ಲೂ ಅದೇ ಉಪ್ಪು ಸಿಕ್ಕಿತು.

ಆಚೆ ದಡದಲ್ಲಿ, ಕಾಲು ಮೈಲಿಗಿಂತ ಸ್ವಲ್ಪ ಹೆಚ್ಚು ಮೇಲೆ, ಬಣ್ಣಗಾರನ ಮನೆ. ಆ ಉಪ್ಪು ಅವನ ಮನೆಯಲ್ಲಿ ಡಬ್ಬಗಟ್ಟಲೆ ಇತ್ತು. ಸಾಲದ್ದಕ್ಕೆ ಹೋದ ತಿಂಗಳು ಪಂಪಿನವನಿಗೂ ಅವನಿಗೂ ಕೈ ಕೈ ಮಿಲಾಯಿಸಿತ್ತು. ಇನ್ನೇನು ಬೇಕು? ಬಣ್ಣಗಾರ ಲಾಕಪ್ಪಿಗೆ ಹೋದ. ಇವತ್ತು ಶುಕ್ರವಾರ. ನಾಲ್ಕು ಗಂಟೆಗೆ ಅವನ ಮನೆ, ಬಣ್ಣದ ತೊಟ್ಟಿ, ಒಲೆ ಎಲ್ಲವನ್ನೂ ಕೆಡವಲು ಯಂತ್ರ ಬರುವುದಿತ್ತು. ಈಗ ಹನ್ನೆರಡಾಗಿತ್ತು.

ಅಳತೆಯಮ್ಮ ಬಿಳಿ ಟವೆಲ್ ಎತ್ತಿ ಬೀಸಿದಳು.

ಆಚೆ ದಡದಲ್ಲಿ ಬಣ್ಣಗಾರನ ಹೆಂಡತಿ ಬಕೆಟ್ಟು ಎತ್ತಿದಳು. ಇದೇ ಹೆಂಗಸು ಬೆಳಗ್ಗೆ ಬಣ್ಣ ಕಲೆಸುತ್ತಾ ಹೇಳಿದ್ದಳು, ನನ್ನ ಗಂಡನಿಗೆ ಸಿಟ್ಟು ಬಂದರೆ ಕೈ ಎತ್ತುತ್ತಾನೆ, ಇಲ್ಲಾಂದ್ರೆ ಬಾಯಿ ಮಾಡುತ್ತಾನೆ, ಉಪ್ಪು ಹಾಕುವಷ್ಟು ತಾಳ್ಮೆ ಅವನಿಗೆ ಅಡುಗೆ ಮನೆಯಲ್ಲೇ ಇಲ್ಲ ಅಕ್ಕ, ಎಂದು.

ಹಸಿರು ಹೊಳೆಗೆ ಬಿತ್ತು.

ಮೊದಲು ಒಂದು ಹಾಸಿದ ಬಟ್ಟೆಯ ಹಾಗೆ ಕಂಡಿತು. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಆ ಬಟ್ಟೆಯ ಅಂಚು ಸೀಳಿತು. ನೀರಿನೊಳಗಿನ ಸುಳಿಗಳು ಒಂದೊಂದು ಎಳೆ ಹಿಡಿದು ಒಂದೊಂದು ಕಡೆಗೆ ಎಳೆದವು. ಎಳೆ ತಿರುಚಿತು, ತೆಳುವಾಯಿತು, ಹರಿಯಿತು. ಹರಿದ ತುದಿ ಇನ್ನೊಂದು ಸುಳಿಯ ಕೈಗೆ ಸಿಕ್ಕಿತು. ಚಹಾಕ್ಕೆ ಹಾಲು ಬಿದ್ದ ಮೊದಲ ಕ್ಷಣ ಹೇಗಿರುತ್ತದೋ ಹಾಗೆ, ಆದರೆ ಆ ಕ್ಷಣ ಮುಗಿಯದೆ ಹೊಳೆಯುದ್ದಕ್ಕೂ ನಡೆದುಕೊಂಡು ಹೋಗುತ್ತಿತ್ತು.

“ನೋಡಿ, ಹರಡ್ತಾ ಇದೆ” ಎಂದರು ಎಂಜಿನಿಯರು. ಅವರ ವರದಿಯಲ್ಲಿ ಇದ್ದದ್ದೂ ಅದೇ. ಕಲಕುವ ನೀರು, ಆದ್ದರಿಂದ ಒಂದು ಕಡೆ ಬಿದ್ದ ವಿಷ ಹೊಳೆಯ ಅಗಲಕ್ಕೂ ಬೆರೆತು ಈಚೆ ದಡದ ಜಾಕ್‌ವೆಲ್ಲಿಗೆ ಬಂದಿದೆ ಎಂದು ಬರೆದು, ಕೆಳಗೆ ಮೊಹರು ಒತ್ತಿದ್ದರು.

“ಹರಡುತ್ತೆ ಸಾಹೇಬ್ರೇ, ಯಾರು ಇಲ್ಲ ಅಂದ್ರು? ಯಾವ ಕಡೆಗೆ ಎಷ್ಟು ಅಂತ ನೋಡಿ.”

ಸಿನಿಮಾ ಬಿಟ್ಟಾಗ ಜನ ಹೊರಬೀಳುವುದನ್ನು ನೋಡಿದ್ದೀರಲ್ಲ ಎಂದು ಅವಳು ಕೇಳಿದಳು. ಒಬ್ಬ ಎಡಕ್ಕೆ ತಳ್ಳುತ್ತಾನೆ, ಇನ್ನೊಬ್ಬ ಬಲಕ್ಕೆ. ತಳ್ಳಾಟ ಎಲ್ಲ ಕಡೆಗೂ ಇದೆ, ಆದರೆ ಗುಂಪು ಹೋಗುವುದು ಬಾಗಿಲಿಗೆ. ಎಡಗೋಡೆ ಹಿಡಿದು ಹೊರಟವನು ಬಲಗೋಡೆ ಮುಟ್ಟುವ ಮೊದಲೇ ಬೀದಿಗೆ ಬಂದಿರುತ್ತಾನೆ. ಹೊಳೆಯೂ ಅಷ್ಟೇ. ಉದ್ದಕ್ಕೆ ಓಡುತ್ತದೆ, ಅಡ್ಡಕ್ಕೆ ತೆವಳುತ್ತದೆ. ಎರಡೂ ದಡದಲ್ಲಿ ಒಂದೇ ಬಣ್ಣ ಕಾಣಬೇಕಾದರೆ ಬಂಡೆಗಳ ಇಳುಕಲು ದಾಟಿ ಹೋಗಿ ನೋಡಬೇಕು. ಅದು ಎಂಟು ಮೈಲಿ ಕೆಳಗಿದೆ.

ಜಾಕ್‌ವೆಲ್ಲಿನ ಎದುರಿಗೆ ಹೊಳೆಗೆ ಅಡ್ಡಲಾಗಿ ಒಂದು ಉಕ್ಕಿನ ಹಗ್ಗ ಕಟ್ಟಿದೆ. ನೀರಿನ ವೇಗ ಅಳೆಯಲು ಕಟ್ಟಿದ್ದು. ಹತ್ತು ಹತ್ತು ಅಡಿಗೆ ಒಂದೊಂದು ಬಿಳಿ ತಗಡು ನೇತುಹಾಕಿದೆ. ಎಲ್ಲರೂ ಆ ತಗಡುಗಳನ್ನೇ ನೋಡುತ್ತಾ ನಿಂತರು. ಹನ್ನೊಂದನೇ ನಿಮಿಷಕ್ಕೆ ಹಸಿರು ಹಗ್ಗದ ಕೆಳಗೆ ಬಂತು.

“ಎಣಿಸಿ” ಎಂದಳು ಅಳತೆಯಮ್ಮ.

ಸೀಸೆಯಣ್ಣ ಜೋರಾಗಿ ಎಣಿಸಿದ. ಆಚೆ ದಡದಿಂದ ಒಂದು, ಎರಡು, ಮೂರು, ನಾಲ್ಕು. ಐದನೇ ತಗಡಿನ ಕೆಳಗೆ ಹಸಿರು ಮಸುಕಾಗಿತ್ತು. ಆರನೇದರ ಹತ್ತಿರ ಇದೆಯೋ ಇಲ್ಲವೋ ಎನ್ನುವಂತಿತ್ತು. ಏಳನೇದರ ಕೆಳಗೆ ಬರೀ ನೀರು. ಇನ್ನು ಇಪ್ಪತ್ತಮೂರು ತಗಡು ಬಾಕಿ ಇದ್ದವು.

ಹಸಿರು ಆಚೆ ದಡದ ಕೈ ಹಿಡಿದುಕೊಂಡೇ ಮುಂದೆ ಹೋಯಿತು. ಜಾಕ್‌ವೆಲ್ಲಿನ ಕಡೆ ತಿರುಗಿ ಕೂಡ ನೋಡಲಿಲ್ಲ.

ಎಂಜಿನಿಯರು ತಗಡುಗಳನ್ನು ತಾವೇ ಇನ್ನೊಮ್ಮೆ ಎಣಿಸಿದರು. ಆಮೇಲೆ, ಹೊಳೆ ದಿನಕ್ಕೊಂದು ಥರ, ಮಂಗಳವಾರದ ನೀರು ಬೇರೆ ಶುಕ್ರವಾರದ ನೀರು ಬೇರೆ ಎಂದರು. ಇದಕ್ಕೇ ಕಾದಿದ್ದವಳಂತೆ ಅಳತೆಯಮ್ಮ ಕಂಕುಳಿಂದ ರಿಜಿಸ್ಟರು ತೆಗೆದಳು. ಮಂಗಳವಾರ ಬೆಳಗ್ಗೆ ಆರಕ್ಕೆ ಎರಡು ಮೀಟರ್ ನಲವತ್ತು. ಇವತ್ತು ಬೆಳಗ್ಗೆ ಆರಕ್ಕೆ ಎರಡು ಮೀಟರ್ ನಲವತ್ತೊಂದು. ಈ ಒಂದು ಸೆಂಟಿಮೀಟರಿನಲ್ಲಿ ವಿಷ ಇನ್ನೂರಮೂವತ್ತು ಅಡಿ ಹಾರಿ ಬಂತು ಎನ್ನುವುದಾದರೆ ಅದನ್ನೂ ವರದಿಯಲ್ಲಿ ಸೇರಿಸಿ, ಮೊಹರು ನಿಮ್ಮ ಹತ್ತಿರವೇ ಇದೆಯಲ್ಲ ಎಂದಳು.

ಅಳಿಯ ಕಟ್ಟೆಯಿಂದ ಇಳಿದು ಬಂದ. ಪುಸ್ತಕದಲ್ಲಿ ಏನೋ ಬರೆದುಕೊಂಡಿದ್ದ. ದನಿ ಮೆತ್ತಗಿತ್ತು.

“ಅತ್ತೆ, ಆಯ್ತು. ಬಣ್ಣಗಾರನ ಉಪ್ಪು ಈ ಕಡೆ ಬಂದಿಲ್ಲ ಅಂತ ಕಂಡಿತು. ನಾಲ್ಕಕ್ಕೆ ಮೊದಲು ಹೋಗಿ ಯಂತ್ರ ನಿಲ್ಲಿಸ್ತೀನಿ, ಜಾಮೀನಿಗೆ ಅಡ್ಡಿ ಬರಲ್ಲ. ಕೆಂಪು ಬೇಡ. ಇಷ್ಟಕ್ಕೇ ಸಾಕು ಮಾಡಿ.”

“ಅವನಲ್ಲ ಅಂದ ಮೇಲೆ ಇನ್ಯಾರು ಅಂತ ನೀವೇ ಕೇಳಬೇಕಿತ್ತು ಅಳಿಯಂದ್ರೇ. ಅದು ನಿಮ್ಮ ಕೆಲಸ. ನಾನು ಬರೀ ನೀರು ಓದೋಳು.”

“ಕೆಲವು ಸಲ ಅರ್ಧಕ್ಕೆ ನಿಲ್ಲಿಸೋದೇ ಒಳ್ಳೇದು.”

“ಜಾಮೀನಿನ ಮೇಲೆ ಬಂದವನನ್ನ ಊರು ಕೊಲೆಗಾರ ಅಂತಲೇ ಕರೆಯುತ್ತೆ. ಅವನ ಬಣ್ಣದ ಬಟ್ಟೆ ಯಾರು ಉಡ್ತಾರೆ? ಮನೆ ನಿಲ್ಲುತ್ತೆ, ಒಲೆ ಹತ್ತಲ್ಲ.”

ಹೇಳಿ ಅವಳು ಕೆಂಪು ಬಕೆಟ್ಟು ಎತ್ತಿಕೊಂಡು ದಡದ ಗುಂಟ ಕೆಳಗೆ ನಡೆದಳು. ಎಂಜಿನಿಯರ ಆದೇಶ ಗಾಳಿಗೆ ಹಾರಿ ಮೆಟ್ಟಿಲ ಮೇಲೆ ಉರುಳಾಡಿತು. ಯಾರೂ ಹೆಕ್ಕಲಿಲ್ಲ.

ಜಾಕ್‌ವೆಲ್ಲಿನಿಂದ ನೂರೈವತ್ತು ಅಡಿ ಕೆಳಗೆ ಲ್ಯಾಬಿನ ಕಟ್ಟಡ. ಅದರ ಹಿಂಬಾಗಿಲಿನಿಂದ ಏಳು ಮೆಟ್ಟಿಲು ನೇರ ಹೊಳೆಗೆ ಇಳಿಯುತ್ತವೆ. ಪಂಪ್‌ಹೌಸಿನಿಂದ ನೋಡಿದರೆ ಈ ಮೆಟ್ಟಿಲು ಕಾಣುವುದಿಲ್ಲ. ಲ್ಯಾಬಿನ ಗೋಡೆಯ ಮೇಲೆ, ಅಳತೆಯಮ್ಮ ಕೆಲಸಕ್ಕೆ ಸೇರುವ ಮೊದಲೇ ಯಾರೋ ನೀಲಿ ಬಣ್ಣದಲ್ಲಿ ಬರೆಸಿದ ಸಾಲು ಇನ್ನೂ ಇತ್ತು: ‘ಮೇಲೆ ತುಂಬು, ಕೆಳಗೆ ಚೆಲ್ಲು.’

ಇಲ್ಲಿ ಕೆಲಸಕ್ಕೆ ಸೇರಿದವರಿಗೆ ಮೊದಲ ದಿನ ಹೇಳಿಕೊಡುವ ಪಾಠ ಅದು. ಕುಡಿಯುವ ನೀರು ಮೇಲ್ಗಡೆಯಿಂದ. ತೊಳೆದದ್ದು, ಉಳಿದದ್ದು, ಬೇಡವಾದದ್ದು ಈ ಮೆಟ್ಟಿಲಿನಿಂದ. ಸೀಸೆಯಣ್ಣ ಸೀಸೆಯನ್ನು ಮೂರು ಸಲ ಹೊಳೆನೀರಿನಲ್ಲಿ ಕಲಕಿ, ಆ ನೀರನ್ನು ಇಲ್ಲಿಗೆ ತಂದು ಚೆಲ್ಲಿ, ನಾಲ್ಕನೇ ಸಲ ಮೇಲೆ ಹೋಗಿ ತುಂಬುತ್ತಿದ್ದ. ಎಷ್ಟು ಚಳಿಯಿದ್ದರೂ ತಪ್ಪಿಸಿದವನಲ್ಲ. ಕೆಳಗೆ ಚೆಲ್ಲಿದ್ದು ಕೆಳಗೇ ಹೋಗುತ್ತದೆ ಎಂಬುದನ್ನು ಅಲ್ಲಿ ಯಾರೂ ಅನುಮಾನಿಸಿರಲಿಲ್ಲ. ಅನುಮಾನ ಪಡುವಂಥದ್ದೂ ಅಲ್ಲ.

ಆದರೆ ಹೋದ ವರ್ಷ ಎಂಜಿನಿಯರು ದಡ ಕೊರೆಯುತ್ತದೆಂದು ಜಾಕ್‌ವೆಲ್ಲಿನ ಸ್ವಲ್ಪ ಮೇಲೆ, ಹೊಳೆಯೊಳಕ್ಕೆ ನಲವತ್ತು ಅಡಿ ಚಾಚುವ ಅಡ್ಡಗೋಡೆ ಕಟ್ಟಿಸಿದ್ದರು. ಗೋಡೆ ಚೆನ್ನಾಗಿಯೇ ಇತ್ತು. ದಡ ಕೊರೆಯುವುದೂ ನಿಂತಿತು.

ಅಳತೆಯಮ್ಮ ಕೊನೆಯ ಮೆಟ್ಟಿಲಲ್ಲಿ ನಿಂತು ಕೆಂಪನ್ನು ನಿಧಾನವಾಗಿ ಸುರಿದಳು. ಬೇರೆ ಬಣ್ಣ ಬೇಕೆಂದು ಹಟ ಹಿಡಿದು ಕಲೆಸಿಸಿದ್ದು ಅವಳೇ. ಎರಡೂ ಹಸಿರಾಗಿದ್ದರೆ ಆಚೆಯದೇ ಈಚೆ ಬಂತು ಎನ್ನುವವರು ಇಲ್ಲದಿಲ್ಲ.

ಕೆಂಪು ನೀರಿನ ಮೇಲೆ ಸ್ವಲ್ಪ ಹೊತ್ತು ನಿಂತಿತು. ಗುರುತಿಲ್ಲದ ಊರಿನ ಬಸ್ ನಿಲ್ದಾಣದಲ್ಲಿ ಇಳಿದವರ ಹಾಗೆ ಅತ್ತಿತ್ತ ನೋಡಿತು. ಆಮೇಲೆ ನಿಧಾನವಾಗಿ, ಹೊಳೆ ಹರಿಯುವ ದಿಕ್ಕಿಗೆ ಬೆನ್ನು ಹಾಕಿ, ಮೇಲಕ್ಕೆ ಹೊರಟಿತು.

ಸೀಸೆಯಣ್ಣನ ಬಾಯಿ ತೆರೆದದ್ದು ಹಾಗೇ ಇತ್ತು.

ಅಡ್ಡಗೋಡೆಯ ತುದಿಗೆ ಬಡಿದು ಹೊರಕ್ಕೆ ಸರಿದ ಹೊಳೆ, ಗೋಡೆಯ ಮರೆಯಲ್ಲಿ ಒಂದು ಖಾಲಿ ಜಾಗ ಬಿಟ್ಟಿತ್ತು. ಆ ಜಾಗ ತುಂಬಲು ಕೆಳಗಿನ ನೀರು ದಡದ ಗುಂಟ ಹಿಂದಕ್ಕೆ ಬರುತ್ತಿತ್ತು, ಗಾಣದೆತ್ತಿನ ಹಾಗೆ ಸುತ್ತುತ್ತಿತ್ತು. ನಾನೂರು ಅಡಿ ಉದ್ದದ ಒಂದೇ ದೊಡ್ಡ ಸುಳಿ. ಅಷ್ಟು ಸೋಮಾರಿ ಸುಳಿ ಆದ್ದರಿಂದಲೇ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅದಕ್ಕೂ ಓಡುವ ಹೊಳೆಗೂ ನಡುವಿನ ಗಡಿಯಲ್ಲಿ ತಟ್ಟೆಯಗಲದ ಸಣ್ಣ ಸುಳಿಗಳು ಒಂದರ ಹಿಂದೊಂದು ಉರುಳುತ್ತಿದ್ದವು. ಪ್ರತಿಯೊಂದೂ ಒಂದು ಚಿಟಿಕೆ ಕೆಂಪನ್ನು ಕದ್ದು ಹೊಳೆಗೆ ಕೊಡುತ್ತಿತ್ತು. ಚಿಟಿಕೆಯಷ್ಟೇ. ಉಳಿದದ್ದು ಒಳಗೇ ಸುತ್ತುತ್ತಿತ್ತು.

ನಾಲ್ಕನೇ ನಿಮಿಷಕ್ಕೆ ಕೆಂಪು ಜಾಕ್‌ವೆಲ್ಲಿನ ಕಬ್ಬಿಣದ ಜಾಲರಿಯನ್ನು ಮುಟ್ಟಿತು. ಮುಟ್ಟಿ, ಒಳಗೂ ಹೋಯಿತು. ಪಂಪುಗಳು ಮಂಗಳವಾರದಿಂದ ನಿಂತಿದ್ದವು, ಊರಿಗೆ ಟ್ಯಾಂಕರಿನ ನೀರು. ಇಲ್ಲದಿದ್ದರೆ ಆ ಸಂಜೆ ಊರಿನ ನಲ್ಲಿಗಳಲ್ಲೆಲ್ಲ ಕೆಂಪು ಬರುತ್ತಿತ್ತು.

“ಅಕ್ಕ” ಎಂದ ಸೀಸೆಯಣ್ಣ, ಮೆಟ್ಟಿಲ ಮೇಲೆ ಕುಕ್ಕರಿಸಿ. “ಹಾಗಾದ್ರೆ ಒಂದು ವರ್ಷದಿಂದ ನಾನು ತೊಳೆದು ಚೆಲ್ಲಿದ ನೀರನ್ನೇ ಮತ್ತೆ ತುಂಬಿ ಲ್ಯಾಬಿಗೆ ಕೊಡ್ತಾ ಇದ್ದೀನಾ?”

“ನೀನೊಬ್ಬನೇ ಅಲ್ಲ ಕಣೋ. ಊರೆಲ್ಲಾ ಅದನ್ನೇ ಕುಡೀತಾ ಇತ್ತು.”

ಅರ್ಧ ಗಂಟೆ ಕಾದರು. ಕೆಂಪು ತೆಳುವಾಯಿತು, ಆದರೆ ಜಾಲರಿಯ ಮುಂದಿನಿಂದ ಹೋಗಲಿಲ್ಲ. ಇದರಲ್ಲಿ ಬಿದ್ದದ್ದು ಎರಡು ಗಂಟೆಯಾದರೂ ಇಲ್ಲೇ ಇರುತ್ತದೆ ಎಂದು ಅಳತೆಯಮ್ಮ ಹೇಳಿದಳು. ಒಂಬತ್ತರ ಸೀಸೆಗೆ ಸಿಕ್ಕ ಉಪ್ಪು ಮೇಲಿನಿಂದ ಬಂದದ್ದಲ್ಲ. ಕೆಳಗಿನಿಂದ, ಈ ಏಳು ಮೆಟ್ಟಿಲಿನಿಂದ ಬಂದದ್ದು.

ಎಂಜಿನಿಯರು ಅವಳನ್ನು ಲ್ಯಾಬಿನ ಗೋಡೆಯ ಮೂಲೆಗೆ ಕರೆದರು. ಮುಖದ ಬಣ್ಣ ಇಳಿದಿತ್ತು, ಆದರೆ ಬುದ್ಧಿ ಇಳಿದಿರಲಿಲ್ಲ. ಗೋಡೆ ಕಟ್ಟಿಸಿದ್ದು ತಪ್ಪು ಎಂದರೆ ತಾನು ವರ್ಗವಾಗಿ ಎಲ್ಲಾದರೂ ಹೋಗುತ್ತೇನೆ, ಅಷ್ಟೇ ಎಂದರು. ಆಮೇಲೆ ದನಿ ತಗ್ಗಿಸಿದರು.

“ಲ್ಯಾಬಿನಲ್ಲಿ ಗಾಜು ತೊಳೆಯೋಕೆ ಏನು ಬಳಸ್ತಾರೆ, ಗೊತ್ತಾ ಅಮ್ಮ?”

ಗೊತ್ತಿತ್ತು. ಆಸಿಡ್ಡಿಗೆ ಅದೇ ಕಿತ್ತಳೆ ಉಪ್ಪು ಬೆರೆಸಿ ತೊಳೆಯುತ್ತಾರೆ.

“ಲ್ಯಾಬಿನ ಬೀಗದಕೈ ಯಾರ ಹತ್ತಿರ ಇದೆ?”

ಅದೂ ಗೊತ್ತಿತ್ತು. ಮೇಲಿನ ಕಿಟಕಿಯಲ್ಲಿ ಬಿಳಿ ಕೋಟು ತೊಟ್ಟ ಮಗಳು ನಿಂತಿದ್ದಳು. ಲ್ಯಾಬಿನ ಉಸ್ತುವಾರಿ ಅವಳದು. ಇನ್‌ಸ್ಪೆಕ್ಟರನ ಹೆಂಡತಿ, ಅಳತೆಯಮ್ಮನ ಒಬ್ಬಳೇ ಮಗಳು. ಅಪ್ಪ ಸತ್ತ ವರ್ಷ ಪರೀಕ್ಷೆಗೆ ಕೂರುವುದಿಲ್ಲ ಎಂದವಳನ್ನು ಅಳತೆಯಮ್ಮನೇ ಕಿವಿ ಹಿಡಿದು ಕೂರಿಸಿ ಓದಿಸಿದ್ದಳು.

“ಹಸಿರಿನವರೆಗೆ ಬರೆದುಕೊಂಡರೆ ಬಣ್ಣಗಾರ ಹೊರಗೆ ಬರ್ತಾನೆ. ಕೆಂಪನ್ನೂ ಬರೆದರೆ ಒಳಗೆ ಹೋಗೋದು ನಿಮ್ಮ ಮಗಳು” ಎಂದರು ಎಂಜಿನಿಯರು. “ನಿಮ್ಮ ಅಳಿಯನಿಗೆ ಇದು ನಿಮಗಿಂತ ಮೊದಲೇ ಹೊಳೆದಿದೆ. ಅದಕ್ಕೇ ಬೇಡ ಅಂದ್ರು. ಹೆತ್ತ ಕರುಳು ನಿಮ್ಮದು. ನೀವೇ ಯೋಚನೆ ಮಾಡಿ.”

ಅಳತೆಯಮ್ಮ ಯೋಚನೆ ಮಾಡಿದಳು. ಬಹಳ ಹೊತ್ತು ಮಾಡಿದಳೆಂದು ಹೇಳಿದರೆ ಸುಳ್ಳಾಗುತ್ತದೆ. ನಿನ್ನೆ ರಾತ್ರಿಯೇ ಮಾಡಿ ಮುಗಿಸಿದ್ದಳು. ಕೆಂಪು ಎಲ್ಲಿಗೆ ಹೋಗುತ್ತದೆಂದು ಸುರಿದು ತೋರಿಸಬೇಕಾದದ್ದು ಅವರಿಗೆಲ್ಲ, ಅವಳಿಗಲ್ಲ. ಗೋಡೆ ಕಟ್ಟಿದ ವಾರವೇ ಕಡ್ಡಿಗಳು ಮೇಲಕ್ಕೆ ತೇಲುವುದನ್ನು ಅವಳು ನೋಡಿದ್ದಳು.

ಅವಳು ಮೂಲೆಯಿಂದ ಹೊರಗೆ ಬಂದು, ಎಲ್ಲರಿಗೂ ಕೇಳುವ ಹಾಗೆ ಮಾತಾಡಿದಳು.

“ಅಳಿಯಂದ್ರೇ, ಹಸಿರು ಬರೆದುಕೊಂಡ್ರಿ. ಈಗ ಕೆಂಪನ್ನೂ ಬರೆದುಕೊಳ್ಳಿ. ಲ್ಯಾಬಿನ ಮೆಟ್ಟಿಲಿನಿಂದ ಜಾಲರಿಗೆ ನಾಲ್ಕು ನಿಮಿಷ.”

“ಅತ್ತೆ.”

“ಯಾರದೋ ಮಗನನ್ನ ಒಳಗೆ ಹಾಕುವಾಗ ನಿಮ್ಮ ಪೆನ್ನು ನಿಂತಿತ್ತಾ? ನನ್ನ ಮಗಳು ಅಂತ ಈಗ ನಿಲ್ಲಬಾರದು. ಅವಳು ತಪ್ಪು ಮಾಡಿದ್ರೆ ಅನುಭವಿಸ್ತಾಳೆ, ಜೈಲಿಗೆ ಊಟ ನಾನೇ ಹೊತ್ತುಕೊಂಡು ಹೋಗ್ತೀನಿ. ಮಾಡಿಲ್ಲ ಅಂದ್ರೆ ಈ ಸಾಹೇಬ್ರು ಹೀಗೆ ಮೂಲೆಗೆ ಕರೆದು ಹೆದರಿಸೋದು ಇವತ್ತಿಗೇ ಮುಗೀಲಿ.”

ಅಳಿಯ ಬರೆಯಲಿಲ್ಲ. ಲ್ಯಾಬಿನ ಹಿಂಬಾಗಿಲು ತೆರೆಯಿತು.

ಮಗಳು ಏಳು ಮೆಟ್ಟಿಲಲ್ಲಿ ಮೂರು ಇಳಿದು ನಿಂತಳು. ಅವಳು ನೋಡುತ್ತಿದ್ದದ್ದು ಗಂಡನನ್ನಲ್ಲ, ಅಮ್ಮನನ್ನಲ್ಲ. ಜಾಲರಿಯ ಮುಂದೆ ಸುತ್ತುತ್ತಿದ್ದ ಕೆಂಪನ್ನು.

“ಅದು ಕೆಳಗೆ ಹೋಗುತ್ತೆ ಅಂದುಕೊಂಡಿದ್ದೆ ಅಮ್ಮ” ಎಂದಳು. “ನಾನೇ ಚೆಲ್ಲಿದ್ದು. ಹಳೇ ಉಪ್ಪು, ಮೂರು ಜಾಡಿ, ಇದೇ ಮೆಟ್ಟಿಲ ಮೇಲೆ ನಿಂತು. ನನ್ನಿಂದ ಒಂದು ಜೀವ ಹೋಯ್ತಾ?”

ಎಂಜಿನಿಯರು ಅಳಿಯನ ಕಡೆ ನೋಡಿ, ನಾನು ಹೇಳಲಿಲ್ಲವೇ ಎನ್ನುವಂತೆ ಕೈ ಚೆಲ್ಲಿದರು. ಸೀಸೆಯಣ್ಣ ತಲೆ ತಗ್ಗಿಸಿದ. ಅಂಕಿ ಓದುವಾಗ ಕಣ್ಣು ಮಂಜಾದರೆ ಒರೆಸಿಕೊಂಡು ಇನ್ನೊಂದು ಸಲ ಓದಬೇಕು, ಅಂದಾಜಿಗೆ ಬರೆಯಬಾರದು. ಅಳತೆಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು.

“ಯಾವಾಗ ಚೆಲ್ಲಿದ್ದು? ಸರಿಯಾಗಿ ಹೇಳು.”

“ಮಂಗಳವಾರ. ಬೆಳಗ್ಗೆ ಏಳಕ್ಕೆ. ಲ್ಯಾಬಿನ ಗಡಿಯಾರ ನೋಡಿದ್ದೆ.”

“ಏಳಕ್ಕೆ?”

“ಹೂಂ.”

ಅಳತೆಯಮ್ಮ ಮೂರು ಮೆಟ್ಟಿಲು ಹತ್ತಿ ಮಗಳ ಕೈ ಹಿಡಿದುಕೊಂಡಳು. ತಣ್ಣಗಿತ್ತು ಕೈ.

“ಪಂಪಿನವನು ಸಿಕ್ಕಿದ್ದು ಐದಕ್ಕೆ. ಆಗಲೇ ಮೈ ಸೆಟೆದಿತ್ತು ಅಂತ ಪಾಳಿಯವರು ಹೇಳಿದ್ದಾರೆ. ಏಳಕ್ಕೆ ಚೆಲ್ಲಿದ ಉಪ್ಪು ಐದಕ್ಕೆ ಯಾರನ್ನೂ ಕೊಲ್ಲಲ್ಲ ಮಗಳೇ. ಹೊಳೆ ಹಿಂದಕ್ಕೆ ಹರಿದೀತು, ಗಡಿಯಾರ ಹರಿಯಲ್ಲ.”

ಮಗಳು ಅಮ್ಮನ ಭುಜಕ್ಕೆ ಹಣೆ ಒತ್ತಿ ಒಂದು ಉಸಿರು ಬಿಟ್ಟಳು. ಮೂರು ದಿನದಿಂದ ಹಿಡಿದಿಟ್ಟ ಉಸಿರು.

ಹಾಗಾದರೆ ಪಂಪಿನವನಿಗೆ ಉಪ್ಪು ಕುಡಿಸಿದ್ದು ಲೋಟದಲ್ಲೇ, ಯಾರೋ ಪಕ್ಕದಲ್ಲಿ ಕೂತು. ಹೊಳೆಗೆ ಉಪ್ಪು ಬಿದ್ದದ್ದು ಆಮೇಲೆ, ಲೋಟದ ಪಾಪ ಹೊಳೆಯ ತಲೆಗೆ ಕಟ್ಟಲು. ಅಷ್ಟನ್ನು ಸೀಸೆಯಣ್ಣ ಕೂಡ ತಾನಾಗಿಯೇ ಕೂಡಿಸಿಕೊಂಡು, ಹಾಗಾದ್ರೆ ಅಕ್ಕ, ಅಂದು ನಿಲ್ಲಿಸಿದ.

“ಮೂರು ಜಾಡಿ ಉಪ್ಪು” ಎಂದಳು ಅಳತೆಯಮ್ಮ, ಮಗಳ ಕೂದಲು ಸವರುತ್ತಾ. “ಅಷ್ಟು ದಿನದಿಂದ ಕಪಾಟಿನಲ್ಲಿ ಇದ್ದದ್ದನ್ನ, ಪಂಪ್‌ಹೌಸಿನಲ್ಲಿ ಹೆಣ ಬಿದ್ದಿರೋ ಹೊತ್ತಿನಲ್ಲಿ ಚೆಲ್ಲಬೇಕು ಅಂತ ನಿನಗೆ ಯಾಕೆ ಅನ್ನಿಸ್ತು?”

“ನನಗೆಲ್ಲಿ ಅನ್ನಿಸ್ತು?” ಮಗಳು ತಲೆ ಎತ್ತಿದಳು. “ಇವರೇ ಫೋನ್ ಮಾಡಿ ಹೇಳಿದ್ರು. ಆರೂವರೆಗೆ. ಅಲ್ವೇನ್ರೀ? ಲ್ಯಾಬಿನ ತಪಾಸಣೆ ಆಗುತ್ತೆ, ಲೆಕ್ಕಕ್ಕೆ ಸಿಗದ ಕಿತ್ತಳೆ ಉಪ್ಪು ಇದ್ದರೆ ನಿನ್ನ ಮೇಲೆ ಬರುತ್ತೆ, ಬೇಗ ಹೋಗಿ ಹಿಂದಿನ ಮೆಟ್ಟಿಲಿನಿಂದ ಚೆಲ್ಲಿಬಿಡು ಅಂತ. ಯಾರಿಗೂ ಹೇಳಬೇಡ ಅಂತಲೂ ಅಂದ್ರಿ.”

ಅವಳ ದನಿಯಲ್ಲಿ ದೂರು ಇರಲಿಲ್ಲ. ತನ್ನನ್ನು ಕಾಪಾಡಲು ಗಂಡ ಪಟ್ಟ ಪಾ​ಡು ಎಂದೇ ಇಷ್ಟು ದಿನ ತಿಳಿದಿದ್ದಳು.

ಎಲ್ಲರೂ ಇನ್‌ಸ್ಪೆಕ್ಟರನ ಕಡೆ ತಿರುಗಿದರು. ಅವನು ಹೊಳೆಯ ಕಡೆ ತಿರುಗಿದ್ದ.

ಅಳತೆಯಮ್ಮ ಅವನ ಬೆನ್ನನ್ನೇ ನೋಡಿದಳು. ಈ ಮನುಷ್ಯ ತನ್ನ ಕಾಲುನೋವಿಗೆ ಎಣ್ಣೆ ತಂದುಕೊಟ್ಟವನು. ಮನೆಗೆ ಬಂದರೆ ತಟ್ಟೆ ತಾನೇ ತೊಳೆದಿಡುವವನು. ಮೇಲಕ್ಕೆ ತೇಲುವ ಕಡ್ಡಿಗಳ ವಿಷಯವನ್ನು ಅವಳು ರಿಜಿಸ್ಟರಿನಲ್ಲಿ ಬರೆದಾಗ ಕಚೇರಿಯಲ್ಲಿ ಯಾರೂ ಓದಲಿಲ್ಲ. ಊಟಕ್ಕೆ ಕೂತಾಗ ಹೇಳಿದರೆ ಕೈ ತೊಳೆಯುವುದನ್ನೂ ಮರೆತು, ಎಷ್ಟು ದೂರದಿಂದ ಬರುತ್ತೆ ಅತ್ತೆ, ಎಷ್ಟು ಹೊತ್ತು ನಿಲ್ಲುತ್ತೆ, ಎಂದು ಕೇಳಿ ತಿಳಿದುಕೊಂಡವನು ಇವನೊಬ್ಬನೇ. ಎಂಥ ಅಳಿಯ ಸಿಕ್ಕಿದ ಎಂದು ಆ ದಿನ ಹೆಮ್ಮೆಪಟ್ಟಿದ್ದಳು.

ಅವಳು ಮಗಳ ಕೈ ಬಿಡಲಿಲ್ಲ. ದನಿ ಏರಿಸಲೂ ಇಲ್ಲ.

“ಪಂಪಿನವನ ಹೊಟ್ಟೆಯಲ್ಲಿ ಇದ್ದದ್ದು ಕಿತ್ತಳೆ ಉಪ್ಪು ಅಂತ ಡಾಕ್ಟರು ಹೇಳಿದ್ದು ಮಂಗಳವಾರ ಸಂಜೆ, ಅಳಿಯಂದ್ರೇ. ಅಲ್ಲಿಯವರೆಗೆ ಎಲ್ಲರೂ ಎದೆನೋವು ಅಂತಿದ್ರು, ನೀವೂ ಹಾಗೇ ಬರೆದಿದ್ರಿ. ಬೆಳಗ್ಗೆ ಆರೂವರೆಗೆ ನಿಮಗೆ ಉಪ್ಪಿನ ಸುದ್ದಿ ಹೇಳಿದವರು ಯಾರು?”

ಅವನು ಪೆನ್ನಿನ ಮುಚ್ಚಳ ಹಾಕಿದ. ತಿರುಗಿ, ಅತ್ತೆಯನ್ನಲ್ಲ, ಹೆಂಡತಿಯನ್ನು ನೋಡಿದ. ಬಣ್ಣಗಾರನನ್ನು ಈಗಲೇ ಹೋಗಿ ಬಿಡುತ್ತೇನೆ ಎಂದ. ಯಂತ್ರ ಬರುವುದಿಲ್ಲ, ಮನೆ ಅವನದೇ, ಊರಿನೆದುರು ಕ್ಷಮೆ ಕೇಳುತ್ತೇನೆ, ಎಲ್ಲಿ ಬೇಕಾದರೂ ನಿಂತು ಹೇಳುತ್ತೇನೆ ಎಂದ. ಒಂದೇ ಸಮನೆ ಹೇಳುತ್ತಾ ಹೋದ.

“ಇದೊಂದನ್ನ ಮಾತ್ರ ಕೇಳಬೇಡಿ. ಹೆಸರು ಹೇಳಿದ್ರೆ ನಾಳೆ ಬೆಳಗ್ಗೆಯೊಳಗೆ ಅವರು ನಮ್ಮನ್ನ ಯಾರನ್ನೂ ಉಳಿಸಲ್ಲ. ನಿಮ್ಮನ್ನೂ, ಇವಳನ್ನೂ.”

ಮಗಳು ಅಮ್ಮನ ಕೈಯಿಂದ ತನ್ನ ಕೈ ಬಿಡಿಸಿಕೊಂಡಳು. ಉಳಿದ ನಾಲ್ಕು ಮೆಟ್ಟಿಲಿಳಿದು ಗಂಡನ ಮುಂದೆ ಬಂದು ನಿಂತಳು. ಅವನ ಕೈಯಿಂದ ಕೇಸಿನ ಪುಸ್ತಕ ತೆಗೆದುಕೊಂಡಳು. ಅವನು ತಡೆಯಲಿಲ್ಲ. ಪೆನ್ನನ್ನೂ ತೆಗೆದುಕೊಂಡು ಮುಚ್ಚಳ ಬಿಚ್ಚಿದಳು. ಖಾಲಿ ಹಾಳೆ ತಿರುಗಿಸಿ, ಅಮ್ಮ ಕೇಳಿದ ಪ್ರಶ್ನೆಯನ್ನು ದುಂಡಗಿನ ಅಕ್ಷರದಲ್ಲಿ ಬರೆದಳು. ಕೆಳಗೆ ದಿನಾಂಕ, ಹೊತ್ತು, ತನ್ನ ಸಹಿ.

ನಡುವೆ ನಾಲ್ಕು ಸಾಲಿನಷ್ಟು ಜಾಗ ಬಿಟ್ಟಿದ್ದಳು. ಪುಸ್ತಕವನ್ನು ಅವನ ಮುಂದೆ ಹಿಡಿದು, ಪೆನ್ನು ಚಾಚಿದಳು.

“ಬರೀರಿ” ಎಂದಳು. “ನಾನು ಇಲ್ಲೇ ನಿಂತಿರ್ತೀನಿ.”